ಮೂರು ಮೊಳ, ಮೇಲೆ ನಾಲ್ಕು ಬೆರಳು

"ನಾಲ್ಕು ಬೆರಳು ಜಾಸ್ತಿ ಇದೆ. ಒಂದರಲ್ಲಿ ಎರಡರಲ್ಲಿ ಅಲ್ಲ, ಇಪ್ಪತ್ತಾರಕ್ಕೆ ಇಪ್ಪತ್ತಾರೂ ಹಂಗೇ ಇದೆ," ಅಂದಳು ಶೀಲಾ.

ಅವಳು ದನಿ ಏರಿಸಲಿಲ್ಲ. ಏರಿಸಿದ್ದರೆ ದಾಕ್ಷಾಯಣಮ್ಮನಿಗೆ ಎಷ್ಟೋ ಸಮಾಧಾನವಾಗುತ್ತಿತ್ತು. ಇಪ್ಪತ್ತೆರಡು ವರ್ಷ ಶಿವಮೊಗ್ಗದ ಗಾಂಧಿ ಬಜಾರಿನಲ್ಲಿ ಹೂ ಮಾರಿದವಳಿಗೆ ಏರಿದ ದನಿಗೆ ಉತ್ತರ ಕೊಡುವುದು ಗೊತ್ತು. ಮೆತ್ತಗೆ ಹೇಳಿದ್ದಕ್ಕೆ ಏನು ಹೇಳುವುದು? ಮಗಳ ವಯಸ್ಸಿನ ಈ ಸೂಪರ್‌ವೈಸರ್ ಹುಡುಗಿ ವೈರಿನ ಕಟ್ಟುಗಳನ್ನೆಲ್ಲ ಎರಡೂ ಕೈಯಲ್ಲಿ ತಬ್ಬಿ ತಂದು ನಾಲ್ಕನೇ ಮೇಜಿನ ಮೇಲೆ ಮಲಗಿಸಿದಳು. ಒಂದರ ಪಕ್ಕದಲ್ಲಿ ಸ್ಟೀಲ್ ಟೇಪು ಎಳೆದು ತೋರಿಸಿದಳು. ಬೇಕಾದದ್ದು ನೂರ ಮೂವತ್ತೈದು ಸೆಂಟಿಮೀಟರ್. ಇದ್ದದ್ದು ನೂರ ನಲವತ್ತೆರಡು.

ಮೇಜಿನ ಆಚೆ ಬದಿಗೆ ಕೂತಿದ್ದ ಅನೀಸಾ ಟೇಪನ್ನೂ ನೋಡಲಿಲ್ಲ, ಶೀಲಾಳನ್ನೂ ನೋಡಲಿಲ್ಲ. ತನ್ನ ಎರಡು ಅಂಗೈಗಳನ್ನು ನೋಡುತ್ತ ಕೂತಳು.

ಇಷ್ಟಕ್ಕೂ ಆ ವೈರಿನ ಕಟ್ಟು ಏನು, ಎಲ್ಲಿಗೆ ಹೋಗುತ್ತದೆ ಅನ್ನುವುದನ್ನು ಮೊದಲು ಹೇಳಿಬಿಡಬೇಕು. ಮಲವಗೊಪ್ಪ ದಾಟಿ ಭದ್ರಾವತಿ ರಸ್ತೆಯಲ್ಲಿ ಸ್ವಲ್ಪ ಮುಂದೆ ಹೋದರೆ ರೋಬೋಟ್ ಮಾಡುವ ಕಂಪನಿ ಸಿಗುತ್ತದೆ. ರೋಬೋಟ್ ಅಂದ ಕೂಡಲೇ ಕಣ್ಣು ಮಿಟುಕಿಸಿ ನಮಸ್ಕಾರ ಹೇಳುವ ಗೊಂಬೆ ಅಂತ ಜನ ತಿಳಿಯುತ್ತಾರೆ. ಇಲ್ಲಿ ತಯಾರಾಗುವುದು ಒಂದೇ ಒಂದು ಕೈ. ತಲೆಯಿಲ್ಲ, ಕಾಲಿಲ್ಲ, ಭುಜ, ಮೊಣಕೈ, ಮಣಿಕಟ್ಟು ಇರುವ ಆಳೆತ್ತರದ ಕಬ್ಬಿಣದ ಕೈ. ಅಕ್ಕಿ ಗಿರಣಿಯಲ್ಲೋ ಬಿಸ್ಕತ್ತಿನ ಕಾರ್ಖಾನೆಯಲ್ಲೋ ನಿಂತಲ್ಲೇ ನಿಂತು ಮೂಟೆ, ಡಬ್ಬ ಎತ್ತಿ ಅಟ್ಟಿ ಹಾಕುವುದು ಅದರ ಕಸುಬು. ಹೋದ ವರ್ಷದವರೆಗೆ ಒಂದೇ ಶೆಡ್ಡಿನಲ್ಲಿ ಅರವತ್ತು ಜನ ಇದನ್ನು ಮಾಡುತ್ತಿದ್ದರು. ಆರ್ಡರು ಮೇಲೆ ಆರ್ಡರು ಬಂತು, ಪಕ್ಕದಲ್ಲೇ ಎರಡನೇ ಶೆಡ್ ಎದ್ದಿತು, ನೂರ ಇಪ್ಪತ್ತು ಜನಕ್ಕೆ ಹೊಸದಾಗಿ ಕೆಲಸ ಅಂತ ಗೇಟಿಗೆ ಬೋರ್ಡು ಬಿತ್ತು. ಕಾಗದದ ಕಾರ್ಖಾನೆ ನಿಂತ ಮೇಲೆ ಗೇಟಿನ ಮುಂದೆ ಸಾಲು ನಿಲ್ಲುವ ಅಭ್ಯಾಸವನ್ನೇ ಮರೆತಿದ್ದ ಭದ್ರಾವತಿಯವರು ಬೆಳಿಗ್ಗೆ ಆರಕ್ಕೇ ಬುತ್ತಿ ಕಟ್ಟಿಕೊಂಡು ಬಂದು ನಿಂತರು. ದಾಕ್ಷಾಯಣಮ್ಮನ ಗಂಡ ಸುಬ್ಬಪ್ಪ ಗೂಡ್ಸ್ ಆಟೋ ಓಡಿಸುವವನು. ಆ ಸಾಲು ನೋಡಿ ಮನೆಗೆ ಬಂದು, ಮೂಟೆ ಹೊರೋರ ಕೆಲಸ ತೆಗೆಯೋ ಯಂತ್ರ ಮಾಡೋಕೆ ನೂರಿಪ್ಪತ್ತು ಜನಕ್ಕೆ ಕೆಲಸ ಕೊಡ್ತಾರಂತೆ ಕಣೇ, ಈ ಲೆಕ್ಕ ನನಗೆ ಅರ್ಥ ಆಗಲ್ಲ ಅಂದಿದ್ದ. ಅರ್ಥವಾಗದಿದ್ದರೂ ಹೊಸ ಶೆಡ್ಡಿಗೆ ಸಿಮೆಂಟು ಸಾಗಿಸಿ ಎಂಟು ಟ್ರಿಪ್ಪು ಹೊಡೆದಿದ್ದ.

ದಾಕ್ಷಾಯಣಮ್ಮ ಕೆಲಸ ಕೇಳಲು ಹೋದವಳಲ್ಲ. ಹೊಸ ಶೆಡ್ಡಿನ ಪೂಜೆಗೆ ಸೇವಂತಿಗೆ ಹಾರ ಕೊಡಲು ಹೋಗಿದ್ದಳು. ಅಲ್ಲಿ ಒಂದು ಮೇಜಿನ ಸುತ್ತ ಹತ್ತು ಹನ್ನೆರಡು ಹುಡುಗರು ಹುಡುಗಿಯರಿಗೆ ಪರೀಕ್ಷೆ ನಡೆಯುತ್ತಿತ್ತು. ರೋಬೋಟಿನ ಕೈ ದಿನಕ್ಕೆ ಸಾವಿರಾರು ಸಲ ಮಡಚಿ ಚಾಚುತ್ತದೆ. ಅದರೊಳಗೆ ಭುಜದಿಂದ ಮಣಿಕಟ್ಟಿನವರೆಗೆ ಹದಿನೆಂಟು ವೈರುಗಳು ಒಟ್ಟಿಗೆ ಹೋಗುತ್ತವೆ. ಪ್ಲಾಸ್ಟಿಕ್ ಪಟ್ಟಿಯಲ್ಲಿ ಬಿಗಿದರೆ ಪಟ್ಟಿಯ ಅಂಚು ವೈರಿನ ಸಿಪ್ಪೆಯನ್ನು ಕೊಯ್ಯುತ್ತದೆ. ಅದಕ್ಕೇ ಮೇಣ ಹಚ್ಚಿದ ನೂಲಿನಲ್ಲಿ, ಎರಡು ಬೆರಳಿಗೊಂದರಂತೆ ಗಂಟು ಹಾಕಿ ಕಟ್ಟಬೇಕು. ಗಂಟು ಜಾರಬಾರದು, ವೈರನ್ನು ಹಿಸುಕಲೂ ಬಾರದು. ಐಟಿಐ ಮಾಡಿ ಬಂದ ಹುಡುಗರ ಗಂಟು ಒಂದೋ ಸಡಿಲ, ಇಲ್ಲವೋ ಕುತ್ತಿಗೆ ಹಿಚುಕಿದ ಹಾಗೆ. ಹಾರದ ಬುಟ್ಟಿ ಕಂಕುಳಲ್ಲಿ ಇಟ್ಟುಕೊಂಡೇ ನೋಡುತ್ತಿದ್ದ ದಾಕ್ಷಾಯಣಮ್ಮನಿಗೆ ಸುಮ್ಮನಿರಲು ಆಗಲಿಲ್ಲ. ಮಲ್ಲಿಗೆಯ ತೊಟ್ಟಿಗಿಂತ ಮೆತ್ತಗಿನದು ಯಾವುದಿದೆ? ತೊಟ್ಟು ಮುರಿಯದ ಹಾಗೆ, ಹೂ ಉದುರದ ಹಾಗೆ ಕಟ್ಟುವುದನ್ನು ಅವಳ ಬೆರಳು ನಿದ್ದೆಯಲ್ಲೂ ಮಾಡುತ್ತವೆ. ನಾನೊಂದು ಕೈ ನೋಡ್ಲಾ ಅಂತ ಕೇಳಿ, ಒಂದು ಕಟ್ಟನ್ನು ಮಾತಾಡುತ್ತಲೇ ಕಟ್ಟಿ ಮುಗಿಸಿದಳು. ಶೀಲಾ ಅದನ್ನು ಎಳೆದು ನೋಡಿದಳು, ಬಗ್ಗಿಸಿ ನೋಡಿದಳು, ಕೊನೆಗೆ ನೀವು ಎಸ್ಸೆಸ್ಸೆಲ್ಸಿ ಮಾಡಿದೀರಾ ಅಂತ ಕೇಳಿದಳು. ಮಾಡಿದ್ದಳು. ಅಂಕಪಟ್ಟಿ ಟ್ರಂಕಿನ ತಳದಲ್ಲಿ ಮದುವೆ ಸೀರೆಯ ಕೆಳಗೆ ಇತ್ತು.

ಹಾಗೆ ಸೇರಿದವಳು. ಮೂರು ತಿಂಗಳು ಪರೀಕ್ಷೆಯ ಕಾಲ, ಆಮೇಲೆ ಕಾಯಂ. ಬಜಾರಿನಲ್ಲಿ ತಾನು ಕೂರುತ್ತಿದ್ದ ಜಾಗವನ್ನು ನಾದಿನಿ ಜಲಜಳಿಗೆ ಬಿಟ್ಟುಕೊಟ್ಟಳು. ಹೂವಿನ ಸಾಲಿನಲ್ಲಿ ಒಂದು ಗೋಣಿಚೀಲದ ಅಗಲದ ಜಾಗಕ್ಕೆ ಎಷ್ಟು ಜನ ಕಾದಿರುತ್ತಾರೆ ಅನ್ನುವುದು ಅಲ್ಲಿ ಕೂತವರಿಗೇ ಗೊತ್ತು; ಕೊಟ್ಟ ಮೇಲೆ ವಾಪಸ್ ಕೇಳುವ ಹಾಗಿಲ್ಲ. ಅಂದರೆ ಸೋಮವಾರ ಗೋಡೆಗೆ ಅಂಟಿಸುವ ಕಾಯಂ ಪಟ್ಟಿಯಲ್ಲಿ ತನ್ನ ಹೆಸರಿಲ್ಲದಿದ್ದರೆ ಅವಳಿಗೆ ಈ ಕುರ್ಚಿಯೂ ಇಲ್ಲ, ಆ ಗೋಣಿಚೀಲವೂ ಇಲ್ಲ. ಶೀಲಾ ವೈರಿನ ಕಟ್ಟು ತಂದು ಮಲಗಿಸಿದ್ದು ಶುಕ್ರವಾರ.

ಅವತ್ತು ದಾಕ್ಷಾಯಣಮ್ಮ ಹೆದರಲು ಇನ್ನೊಂದು ಕಾರಣವಿತ್ತು. ಗೋಡೆಯ ಚಾರ್ಟಿನ ಪ್ರಕಾರ ನಾಲ್ಕನೇ ಮೇಜಿನಲ್ಲಿ ವೈರು ಅಳೆದು ಕತ್ತರಿಸುವುದು, ತುದಿಗೆ ಕನೆಕ್ಟರ್ ಹಾಕುವುದು ಎರಡೂ ಅನೀಸಾಳ ಕೆಲಸ; ಕಟ್ಟುವುದು ಮಾತ್ರ ದಾಕ್ಷಾಯಣಮ್ಮನದು. ಅನೀಸಾ ಭದ್ರಾವತಿಯ ಕಾಗದನಗರದ ಹುಡುಗಿ, ಇಪ್ಪತ್ತೊಂದು ವರ್ಷ, ಅಪ್ಪ ಪೀರ್ ಬಾಷಾ ಸ್ಕೂಟರ್ ರಿಪೇರಿ ಮಾಡುವವನು. ಆ ಸ್ಟೀಲ್ ಟೇಪಿಗೂ ಅವಳಿಗೂ ಮೊದಲ ದಿನದಿಂದ ಆಗಿಬರಲಿಲ್ಲ. ಎಳೆದು ಹಿಡಿದರೆ ಸುರ್ರಂತ ಒಳಗೆ ಹೋಗಿ ಬೆರಳು ಕೊಯ್ಯುತ್ತಿತ್ತು. ಹತ್ತು ದಿನದ ಹಿಂದೆ ಹೊಸ ಮಾದರಿಯ ಕೈ ಶುರುವಾದಾಗ, ಅನೀಸಾ ಡ್ರಾಯಿಂಗ್ ನೋಡಿ ಒಂದು ಮೂರು ಐದು ಸೊನ್ನೆ ಅಂತ ಏನೋ ಲೆಕ್ಕ ಹಾಕಿ, ನೂರ ಮೂವತ್ತೈದು ಅಂದಾಗ, ದಾಕ್ಷಾಯಣಮ್ಮ ತನ್ನ ಮೊಣಕೈಯಿಂದ ನಡುಬೆರಳ ತುದಿಯವರೆಗೆ ಟೇಪು ಹಿಡಿಸಿ ನೋಡಿದಳು. ಸರಿಯಾಗಿ ನಲವತ್ತೈದು. ಮೂರು ಸಲ ಹಿಡಿಸಿದಳು, ಮೂರು ಸಲವೂ ನಲವತ್ತೈದು. ಅಂದರೆ ಮೂರು ಮೊಳ. ಬಿಡು ಮಗಳೇ, ಈ ಹಾವಿನ ಜೊತೆ ಯಾಕೆ ಗುದ್ದಾಡ್ತೀಯ, ಕತ್ತರಿಸೋದು ನಾನು ನೋಡ್ಕೋತೀನಿ, ನೀನು ತುದಿ ಹಾಕು ಅಂತ ಹೇಳಿದವಳು ದಾಕ್ಷಾಯಣಮ್ಮನೇ. ಬೇರೆ ಮೇಜಿನವರು ದಿನಕ್ಕೆ ಎರಡು ಕಟ್ಟು ಮುಗಿಸಿದರೆ ಇವರು ಮೂರು ಮುಗಿಸಿದರು. ಯಾರಿಗೂ ಹೇಳಲಿಲ್ಲ, ಯಾರೂ ಕೇಳಲಿಲ್ಲ.

ಈಗ ಹೊಸ ಕೈಗೆ ಈ ವೈರು ಇಟ್ಟು ನೋಡಿದರೆ ಮೊಣಕೈಯ ಹತ್ತಿರ ಉಬ್ಬಿಕೊಂಡು ಮುಚ್ಚಳವೇ ಕೂರುತ್ತಿಲ್ಲ. ಶೀಲಾ ಹೋದ ಮೇಲೆ ದಾಕ್ಷಾಯಣಮ್ಮ ಮೇಜಿನ ಕೆಳಗೆ ಕೈಯನ್ನು ಟೇಪಿಗೆ ಹಿಡಿದು ಇನ್ನೊಮ್ಮೆ ನೋಡಿದಳು. ನಲವತ್ತೈದೇ. ಇಡೀ ಹೂವಿನ ಸಾಲಿನಲ್ಲಿ ದಾಕ್ಷಾಯಣಮ್ಮನ ಮೊಳ ಅಂದರೆ ಮೊಳ ಅನ್ನುವ ಹೆಸರಿತ್ತು. ಜಗಳವಾದರೆ ಅವಳ ಕೈಯನ್ನೇ ಕರೆಸುತ್ತಿದ್ದರು. ಆ ಕೈ ಸುಳ್ಳು ಹೇಳುವುದು ಹೇಗೆ? ಶೀಲಾಳ ಟೇಪೇ ತಪ್ಪಿರಬೇಕು ಅಂತ ಮನಸ್ಸು ಗಟ್ಟಿ ಮಾಡಿಕೊಂಡಳು.

ಅವತ್ತು ಸಂಜೆ ಸುಬ್ಬಪ್ಪನಿಗೆ ಬಜಾರಿನಲ್ಲಿ ಲೋಡು ಇಳಿಸುವುದಿತ್ತು. ಅವನ ಆಟೋದಲ್ಲೇ ದಾಕ್ಷಾಯಣಮ್ಮ ಹೂವಿನ ಸಾಲಿಗೆ ಹೋದಳು. ಅತ್ತಿಗೆ, ಸ್ವಲ್ಪ ಕೂತಿರಿ, ಬಾಳೆನಾರು ತರ್ತೀನಿ ಅಂತ ಜಲಜ ಎದ್ದು ಹೋದಳು. ಹಳೆಯ ಜಾಗ, ಹಳೆಯ ವಾಸನೆ. ಯಾರೋ ಬಂದು ಮೂರು ಮೊಳ ಕನಕಾಂಬರ ಕೇಳಿದರು. ದಾಕ್ಷಾಯಣಮ್ಮ ದಂಡೆ ಎತ್ತಿಕೊಂಡು ಅಳೆದಳು. ಒಂದು, ಎರಡು, ಮೂರು. ಮೂರು ಅಂದ ಮೇಲೆ ಹೆಬ್ಬೆರಳು ತಾನಾಗಿಯೇ ನಾಲ್ಕು ಬೆರಳು ಮುಂದೆ ಸರಿಯಿತು, ಕತ್ತರಿ ಅಲ್ಲಿ ಬಿತ್ತು.

ಕೊಸರು.

ಹೂವನ್ನು ಅಳತೆಗೆ ಸರಿಯಾಗಿ ಕತ್ತರಿಸಿ ಕೊಡಬಾರದು, ಮುಡಿಯುವವಳಿಗೆ ಒಳ್ಳೆಯದಲ್ಲ ಅಂತ ಅವಳ ಅತ್ತೆ ಮೊದಲ ದಿನವೇ ಹೇಳಿಕೊಟ್ಟಿದ್ದಳು. ಮೊಳ ಎಷ್ಟೇ ಇರಲಿ, ಮೇಲೆ ನಾಲ್ಕು ಬೆರಳು ಕೊಸರು. ಮೊದಮೊದಲು ನೆನಪಿಟ್ಟುಕೊಂಡು ಕೊಟ್ಟಳು. ಆಮೇಲೆ ನೆನಪು ಬೇಕಾಗಲಿಲ್ಲ. ಕೈ ಅದನ್ನು ಎಣಿಕೆಗೇ ಸೇರಿಸಿಕೊಳ್ಳಲಿಲ್ಲ, ಉಸಿರಿನ ಹಾಗೆ ಬಿಟ್ಟುಬಿಟ್ಟಿತು. ಮೂರು ಎಣಿಸಿದ್ದು ಬಾಯಿ, ಕತ್ತರಿಸಿದ್ದು ಕೈ.

ಹೂ ಹಿಡಿದುಕೊಂಡೇ ಕೂತವಳನ್ನು ನೋಡಿ, ಯಾಕಮ್ಮ, ಕಮ್ಮಿ ಆಯ್ತಾ ಅಂತ ಕೊಳ್ಳಲು ಬಂದ ಹೆಂಗಸು ಕೇಳಿದಳು.

"ಇಲ್ಲಮ್ಮ, ಸರಿಯಾಗಿದೆ. ತಗೊಳ್ಳಿ," ಅಂದಳು ದಾಕ್ಷಾಯಣಮ್ಮ.

ಮನೆಗೆ ಹೋಗುವ ದಾರಿಯಲ್ಲಿ ಗಂಡನಿಗೆ ಎಲ್ಲವನ್ನೂ ಹೇಳಿದಳು. ಸುಬ್ಬಪ್ಪ ಮೊದಲು ನಕ್ಕ. ಕೊಸರು ಕೊಟ್ಟು ಕಂಪನಿ ಕೆಡಿಸಿದವಳು ನೀನೊಬ್ಬಳೇ ಇರಬೇಕು ಅಂದ. ತುಂಗೆಯ ಸೇತುವೆ ದಾಟಿ, ಮಲವಗೊಪ್ಪ ಹತ್ತಿರ ಬಂದ ಮೇಲೆ ಗೇರು ಇಳಿಸುತ್ತ ಹೇಳಿದ.

"ಸೋಮವಾರ ಒಂದು ದಾಟ್ಲಿ. ಪಟ್ಟೀಲಿ ಹೆಸರು ಬರ್ಲಿ. ಆಮೇಲೆ ಬೇಕಾದ್ರೆ ಹೇಳ್ಕೊ."

"ಆ ಹುಡುಗಿ ಹೆಸರು?"

"ಅವಳಿಗೆ ಇನ್ನೂ ಇಪ್ಪತ್ತೊಂದು ಕಣೇ. ಹತ್ತು ಕೆಲಸ ಸಿಗ್ತವೆ. ನಿನಗೆ ಯಾರು ಕೊಡ್ತಾರೆ?"

ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ. ಬೆನ್ನು ನೋವು ಅಂತ ಹೆಂಡತಿ ರಾತ್ರಿಯಿಡೀ ಮಗ್ಗಲು ಬದಲಿಸುತ್ತಿದ್ದುದನ್ನು ವರ್ಷಗಟ್ಟಲೆ ನೋಡಿದವನು ಅವನು. ಕುರ್ಚಿಯ ಕೆಲಸ ಸಿಕ್ಕ ಮೇಲೆ ಆ ನೋವು ಹೋಗಿತ್ತು.

ಶನಿವಾರ ಅನೀಸಾ ಕೆಲಸಕ್ಕೆ ಬರಲಿಲ್ಲ. ಕಂಪನಿಯ ಬಸ್ಸು ಭದ್ರಾವತಿಯಿಂದ ಬಂದು ಎಲ್ಲರನ್ನೂ ಇಳಿಸಿತು, ಅವಳೊಬ್ಬಳು ಇಳಿಯಲಿಲ್ಲ. ಹತ್ತು ಗಂಟೆಗೆ ಪ್ರೊಡಕ್ಷನ್ ಮ್ಯಾನೇಜರ್ ವಾದಿರಾಜ ನಾಲ್ಕನೇ ಮೇಜಿಗೆ ಬಂದರು. ಐವತ್ತರ ಹತ್ತಿರದ ಮನುಷ್ಯ, ಮೂಗಿನ ತುದಿಗೆ ಕನ್ನಡಕ, ಯಾರ ಜೊತೆ ಮಾತಾಡಿದರೂ ಕೈ ಹಿಂದೆ ಕಟ್ಟಿಕೊಳ್ಳುವ ಅಭ್ಯಾಸ. ಇಪ್ಪತ್ತಾರು ಕಟ್ಟುಗಳನ್ನೂ ಒಂದೊಂದಾಗಿ ನೋಡಿದರು. ಗಂಟು ನೋಡಿ, ಇದು ಚೆನ್ನಾಗಿದೆ ಅಂದರು. ಆಮೇಲೆ ಚಾರ್ಟಿನ ಕಡೆ ತಿರುಗಿದರು.

"ಕತ್ತರಿಸೋದು ಅನೀಸಾ ಅಲ್ವಾ?"

ಈಗ ಹೇಳಬೇಕು ಅಂತ ದಾಕ್ಷಾಯಣಮ್ಮನ ನಾಲಿಗೆ ತುದಿಗೆ ಬಂತು. ಬಂದದ್ದು ಬೇರೆಯೇ ಮಾತು.

"ಚಾರ್ಟಲ್ಲಿ ಹಂಗೇ ಇದೆ ಸರ್."

ಅದರಲ್ಲಿ ಒಂದಕ್ಷರ ಸುಳ್ಳಿಲ್ಲ. ಚಾರ್ಟಿನಲ್ಲಿ ಹಾಗೇ ಇತ್ತು. ವಾದಿರಾಜರು ತಲೆಯಾಡಿಸಿ ಹೊರಟುಹೋದರು. ಮಧ್ಯಾಹ್ನ ಊಟದ ಡಬ್ಬ ಬಿಚ್ಚಿ, ಚಿತ್ರಾನ್ನ ಮುಟ್ಟದೆ ಮತ್ತೆ ಮುಚ್ಚಿಟ್ಟಳು. ಶೀಲಾ ಪಕ್ಕದಲ್ಲಿ ಬಂದು ಕೂತು, ಯಾಕೆ ಹುಷಾರಿಲ್ವಾ, ನೀವು ಯೋಚನೆ ಮಾಡಬೇಡಿ, ನಿಮ್ಮ ಕೆಲಸ ಸರಿಯಾಗೇ ಇದೆಯಲ್ಲ ಅಂತ ಸಮಾಧಾನ ಹೇಳಿದಳು. ಸಮಾಧಾನವೆಂಬುದು ಇಷ್ಟು ಚುಚ್ಚುತ್ತದೆ ಅಂತ ದಾಕ್ಷಾಯಣಮ್ಮನಿಗೆ ಗೊತ್ತಿರಲಿಲ್ಲ.

ಸಂಜೆ ಶಿಫ್ಟು ಬಿಟ್ಟಾಗ ಅವಳು ಮನೆಯಿದ್ದ ಮಲವಗೊಪ್ಪದ ಕಡೆ ನಡೆಯಲಿಲ್ಲ. ಭದ್ರಾವತಿಗೆ ಹೋಗುವ ಕಂಪನಿ ಬಸ್ಸನ್ನೇ ಹತ್ತಿದಳು. ಇದೇನು ತವರುಮನೆಗಾ ಅಂತ ಡ್ರೈವರ್ ಕೇಳಿದ. ಹಂಗೇ ಅಂದ್ಕೊ ಮಾರಾಯ ಅಂತ ಹೇಳಿ ಕಿಟಕಿ ಪಕ್ಕ ಕೂತಳು.

ಕಾಗದನಗರದ ಕ್ವಾರ್ಟರ್ಸ್ ಸಾಲಿನ ಕೊನೆಯಲ್ಲಿ, ಅರ್ಧ ಬಿಚ್ಚಿದ ಸ್ಕೂಟರುಗಳು ನಿಂತ ಮನೆ ಯಾವುದೋ ಅದೇ ಪೀರ್ ಬಾಷಾನ ಮನೆ. ಅವನು ಎಂಜಿನ್ನಿನೊಳಗೆ ಕೈ ಇಟ್ಟುಕೊಂಡೇ ತಲೆ ಬಗ್ಗಿಸಿ ನಮಸ್ಕಾರ ಮಾಡಿ, ಒಳಗೆ ಕೂಗಿ ಹೇಳಿದ. ಹೆಂಡತಿ ಅಖ್ತರ್ ಬೀ ಬಾಗಿಲಿಗೆ ಬಂದಳು. ದಪ್ಪ ದೇಹ, ದೊಡ್ಡ ಬಾಯಿ, ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತಲೇ ಮಾತು ಶುರು. ಬನ್ನಿ ಅಕ್ಕ, ನೀವೇ ಅಲ್ವಾ ಹೂವಿನ ಆಂಟಿ, ದಿನಾ ನಿಮ್ಮದೇ ಸುದ್ದಿ, ನೋಡಿ ನಿಮ್ಮ ಹುಡುಗಿ ಬೆಳಗಿನಿಂದ ಗೋಡೆಗೆ ಮುಖ ಮಾಡಿ ಮಲಗಿದಾಳೆ, ತಿನ್ನೋದು ಮಾತ್ರ ಈ ಕಡೆ ತಿರುಗಿ ತಿಂತಾಳೆ, ಅಂತ ಒಂದೇ ಉಸಿರಿಗೆ ಹೇಳಿ ಚಾಪೆ ಹಾಸಿದಳು.

ಅನೀಸಾ ಎದ್ದು ಕೂತಳು. ಕಣ್ಣು ಊದಿತ್ತು. ನಿಮ್ಮ ಮೊಳಕ್ಕೆ ಟೇಪು ಹಿಡಿದು ನಲವತ್ತೈದು ಅಂತ ಓದಿ ಹೇಳಿದ್ದು ನಾನೇ, ಎಲ್ಲೋ ತಪ್ಪು ಓದಿದೆ ಅಂತ ಅವಳು ಹೇಳಿದಳು. ಅದೇ ಅವಳ ತಲೆಯಲ್ಲಿ ಕೂತುಬಿಟ್ಟಿತ್ತು. ಪಿಯುಸಿ ಓದಿದವಳಿಗೆ ಒಂದು ಸಂಖ್ಯೆ ಓದಲು ಬರಲಿಲ್ಲ ಅಂತ ನಾಚಿಕೆ. ಸೋಮವಾರ ಹೋಗಿ, ತಪ್ಪು ನನ್ನದು ಅಂತ ಬರೆದುಕೊಟ್ಟು ಬರುತ್ತೇನೆ ಅಂದಳು.

ದಾಕ್ಷಾಯಣಮ್ಮ ಯೋಚಿಸಿದಳು. ಈ ಹುಡುಗಿ ತಾನಾಗಿ ತಪ್ಪು ಹೊತ್ತುಕೊಂಡು ಕೂತಿದೆ. ತಾನು ಒಂದು ಲೋಟ ಚಹಾ ಕುಡಿದು, ಧೈರ್ಯವಾಗಿರು ಮಗಳೇ ಅಂತ ತಲೆ ಸವರಿ ಎದ್ದು ಹೋದರೂ ಯಾರಿಗೂ ಏನೂ ತಿಳಿಯುವುದಿಲ್ಲ. ಸುಬ್ಬಪ್ಪ ಹೇಳಿದ್ದು ಅದನ್ನೇ. ಚಹಾ ಬಂತು. ದಾಕ್ಷಾಯಣಮ್ಮ ಲೋಟವನ್ನು ಕೆಳಗಿಟ್ಟು, ಅಖ್ತರ್ ಬೀಯ ಕಡೆ ತಿರುಗಿದಳು.

"ಮನೇಲಿ ಹಗ್ಗ, ದಾರ ಏನಾದ್ರೂ ಇದೆಯಾ? ಒಂದು ಕತ್ತರಿ ಕೊಡಿ."

ಅಖ್ತರ್ ಬೀ ಬಟ್ಟೆ ಒಣಹಾಕುವ ನೈಲಾನ್ ಹಗ್ಗದ ಸುರುಳಿ ತಂದಳು. ದಾಕ್ಷಾಯಣಮ್ಮ ಕಣ್ಣು ಮುಚ್ಚಿ, ಬಾಯಿಬಿಟ್ಟು ಎಣಿಸುತ್ತ ಮೂರು ಮೊಳ ಅಳೆದು ಕತ್ತರಿಸಿದಳು. ಅನೀಸಾಳ ಕೈಗೆ ಕೊಟ್ಟು, ಅಪ್ಪನ ಹತ್ತಿರ ಟೇಪು ಇಸ್ಕೊಂಡು ಅಳಿ ಅಂದಳು. ಅನೀಸಾ ಅಳೆದಳು. ಅವಳ ಅಮ್ಮ ಬಗ್ಗಿ ನೋಡಿ ಓದಿದಳು: ನೂರ ನಲವತ್ತೆರಡು.

"ನೀನು ಸರಿಯಾಗೇ ಓದಿದೀಯ ಮಗಳೇ. ತಪ್ಪು ಈ ಕೈದು. ಹೂವಿಗೆ ಕೊಡೋ ಕೊಸರನ್ನ ನಿಮ್ಮ ರೋಬೋಟಿಗೂ ಕೊಟ್ಟಿದೆ. ಇದು ನನಗೆ ನಿನ್ನೆ ಸಂಜೇನೇ ಗೊತ್ತಾಯ್ತು. ಇವತ್ತು ಸಾಹೇಬರು ಕೇಳಿದಾಗ ನಾನು ಬಾಯಿ ಬಿಡಲಿಲ್ಲ."

ಅಖ್ತರ್ ಬೀ ಹಗ್ಗದ ತುಂಡನ್ನು ಎತ್ತಿ ಹಿಡಿದು ನೋಡಿದಳು. ಅವಳ ಹೊಟ್ಟೆ ಕುಲುಕತೊಡಗಿತು. ನನ್ನ ಗಂಡನಿಗೆ ಈ ಕೈ ಇದ್ದಿದ್ರೆ ಪಂಚರ್ ಹಾಕಿಸೋಕೆ ಬಂದವರಿಗೆಲ್ಲ ಸ್ಕೂಟರೇ ಕೊಟ್ಟು ಕಳಿಸ್ತಿದ್ದ ಅಂತ ನಕ್ಕಳು. ಹೊರಗಿನಿಂದ ಪೀರ್ ಬಾಷಾ ಏನದು ಅಂತ ಕೇಳಿದ. ನಿನ್ನ ವಿಷಯ ಅಲ್ಲ, ಕೆಲಸ ನೋಡು ಅಂದಳು. ಅನೀಸಾ ಮಾತ್ರ ನಗಲಿಲ್ಲ.

"ಹೇಳಬೇಡಿ ಆಂಟಿ. ಟೇಪು ಬಿಟ್ಟು ಕೈಯಲ್ಲಿ ಅಳೆದ್ರಿ ಅಂದ್ರೆ ನಿಮ್ಮನ್ನ ಇಟ್ಕೊಳ್ಳಲ್ಲ. ಡ್ರಾಯಿಂಗ್ ಸರಿಯಾಗಿ ಕಾಣ್ತಿರಲಿಲ್ಲ ಅಂತ ನಾನೇ ಹೇಳ್ತೀನಿ, ನನಗೇನು ಬೈತಾರೆ ಅಷ್ಟೇ."

"ಬೈದು ಬಿಟ್ಟರೆ ಸರಿ. ಪಟ್ಟಿಯಿಂದ ಬಿಟ್ಟರೆ?"

ಅಖ್ತರ್ ಬೀ ಮಗಳ ಕೆದರಿದ ಕೂದಲನ್ನು ಕಿವಿಯ ಹಿಂದೆ ಸಿಕ್ಕಿಸಿ, ಇವಳಿಗೆ ಸುಳ್ಳು ಹೇಳೋಕೂ ಬರಲ್ಲ ಅಕ್ಕ, ಸಾಹೇಬರು ಕನ್ನಡಕ ಎತ್ತಿದ್ರೆ ಎಲ್ಲ ಕಕ್ಕಿಬಿಡ್ತಾಳೆ ಅಂದಳು. ಆಮೇಲೆ, ಸೋಮವಾರ ಬಸ್ಸಿಗೆ ಕಳಿಸ್ತೀನಿ, ನೀವು ಜೊತೇಲಿರಿ ಅಂದಳು. ಅಷ್ಟೇ.

ಸೋಮವಾರ ಬೆಳಿಗ್ಗೆ ಪಟ್ಟಿ ಇನ್ನೂ ಗೋಡೆಗೆ ಬಿದ್ದಿರಲಿಲ್ಲ. ದಾಕ್ಷಾಯಣಮ್ಮ ಶೀಲಾಳನ್ನು ಕರೆದುಕೊಂಡು ವಾದಿರಾಜರ ಕೋಣೆಗೆ ಹೋದಳು. ಅನೀಸಾ ಬಾಗಿಲ ಹತ್ತಿರ ನಿಂತಳು. ಕತ್ತರಿಸಿದ್ದು ಯಾರು, ಹೇಗೆ, ಕೊಸರು ಎಂದರೆ ಏನು, ಶನಿವಾರ ತಾನು ಹೇಳದೆ ಬಿಟ್ಟದ್ದು ಏನು, ಎಲ್ಲವನ್ನೂ ದಾಕ್ಷಾಯಣಮ್ಮ ನಿಂತೇ ಹೇಳಿದಳು. ಬಜಾರಿನ ಬಾಯಿ; ಒಮ್ಮೆ ಶುರುವಾದರೆ ನಿಲ್ಲುವುದಿಲ್ಲ. ಅತ್ತೆಯ ಹೆಸರು, ಕನಕಾಂಬರ ಕೊಂಡ ಹೆಂಗಸು, ಭದ್ರಾವತಿಯ ನೈಲಾನ್ ಹಗ್ಗ ಎಲ್ಲ ಬಂದುಹೋದವು. ವಾದಿರಾಜರು ಒಮ್ಮೆಯೂ ತಡೆಯಲಿಲ್ಲ.

ಕೇಳಿ ಮುಗಿದ ಮೇಲೆ ಅವರು ಸಿಟ್ಟು ಮಾಡುವ ಬದಲು ವೈರಿನ ಒಂದು ದೊಡ್ಡ ಸುರುಳಿ ತರಿಸಿದರು. ಮೂರು ಮೊಳದ ಎಂಟು ತುಂಡು ಕತ್ತರಿಸಿ ಅಂದರು. ಅವಳು ಕತ್ತರಿಸುತ್ತಿರುವಾಗ ಮಲ್ಲಿಗೆಗೂ ಕಾಕಡಕ್ಕೂ ಏನು ವ್ಯತ್ಯಾಸ, ಸೇವಂತಿಗೆ ಎಲ್ಲಿಂದ ಬರುತ್ತದೆ ಅಂತ ಏನೇನೋ ಕೇಳಿದರು. ಎಂಟು ತುಂಡನ್ನೂ ಶೀಲಾ ಅಳೆದಳು. ಎಂಟೂ ನೂರ ನಲವತ್ತೆರಡು. ಎಲ್ಲೋ ಒಂದೆರಡರಲ್ಲಿ ಕೂದಲೆಳೆಯಷ್ಟು ಹೆಚ್ಚುಕಮ್ಮಿ.

ವಾದಿರಾಜರು ಕನ್ನಡಕ ಮೇಲಕ್ಕೆ ಏರಿಸಿದರು. ನಮ್ಮ ಯಂತ್ರದಲ್ಲೂ ಇಷ್ಟೇ ಬರೋದು ಅಂತ ಶೀಲಾಗೆ ಹೇಳಿ, ದಾಕ್ಷಾಯಣಮ್ಮನ ಕಡೆ ತಿರುಗಿದರು.

"ಈಗ ಕೊಸರು ಬಿಟ್ಟು ಕತ್ತರಿಸಿ."

ಅದೇನು ದೊಡ್ಡ ಮಾತು ಅಂತ ದಾಕ್ಷಾಯಣಮ್ಮ ವೈರು ಎತ್ತಿಕೊಂಡಳು. ಒಂದು, ಎರಡು, ಮೂರು. ಹೆಬ್ಬೆರಳು ಮುಂದೆ ಹೊರಟಿತು, ಹಿಂದಕ್ಕೆ ಎಳೆದಳು, ಎಳೆದದ್ದು ಎಷ್ಟು ಅಂತ ತಿಳಿಯಲಿಲ್ಲ. ಕತ್ತರಿಸಿದಳು. ನೂರ ಮೂವತ್ತೆಂಟು. ಇನ್ನೊಂದು, ನೂರ ಮೂವತ್ತಮೂರು. ಮತ್ತೊಂದು, ನೂರ ನಲವತ್ತು. ನಾಲ್ಕನೆಯದನ್ನು ಕತ್ತರಿಸುವ ಮುಂಚೆಯೇ ಅವಳ ಹಣೆಯಲ್ಲಿ ಬೆವರು ಬಂತು. ಕೊಸರು ಕೊಡುವಾಗ ಒಂದು ಗೆರೆ ತಪ್ಪದ ಕೈ, ಕೊಡಬೇಡ ಅಂದ ಕೂಡಲೇ ದಾರಿ ತಪ್ಪಿದ ಹಾಗೆ ತಡವರಿಸುತ್ತಿತ್ತು. ಅವಳು ವೈರನ್ನೂ ಕತ್ತರಿಯನ್ನೂ ಮೇಜಿನ ಮೇಲೆ ಇಟ್ಟುಬಿಟ್ಟಳು.

"ಇದು ನನ್ನ ಕೈಲಿ ಆಗಲ್ಲ ಸರ್," ಅಂದಳು.

"ಗೊತ್ತಾಯ್ತು. ಕಟ್ಟೋಕೆ ನಿಮ್ಮಂಥವರು ನನಗೆ ಬೇಕು. ಕತ್ತರಿಸೋಕೆ ಬೇಡ. ಇನ್ನು ಮೇಲೆ ನಿಮ್ಮ ಕೈಗೆ ಕತ್ತರಿ ಕೊಡಲ್ಲ."

ಅಷ್ಟು ಹೇಳಿ ಅವರು ಮೇಜಿನ ಮೇಲಿದ್ದ ಪಟ್ಟಿಯನ್ನು ಎಳೆದುಕೊಂಡರು. ಪೆನ್ನಿನ ತುದಿ ಮೇಲಿನಿಂದ ಕೆಳಗೆ ನಿಧಾನವಾಗಿ ಇಳಿಯಿತು. ಕೆಳಗೆ ಅನೀಸಾಳ ಹೆಸರನ್ನು ಶಾಯಿಯಲ್ಲಿ ಸೇರಿಸಿದರು. ಮೇಲೆ ಎಲ್ಲೋ ಒಂದು ಕಡೆ ನಿಂತು, ಅಲ್ಲಿದ್ದ ಹೆಸರಿನ ಮೇಲೆ ಒಂದು ಗೆರೆ ಎಳೆದರು. ತಲೆಕೆಳಗಾಗಿ ಓದಿದರೂ ಅದು ತನ್ನ ಹೆಸರು ಅಂತ ದಾಕ್ಷಾಯಣಮ್ಮನಿಗೆ ತಿಳಿಯಿತು. ಉದ್ದದ ಹೆಸರು, ಗೆರೆಯೂ ಉದ್ದವಾಗಿತ್ತು.

"ತಪ್ಪಾಗಿದ್ದಕ್ಕಲ್ಲ," ಅಂದರು ವಾದಿರಾಜರು. "ಶನಿವಾರ ನಾನು ಕೇಳಿದಾಗ ಹೇಳಲಿಲ್ಲವಲ್ಲ, ಅದಕ್ಕೆ. ಇನ್ನೂ ಮೂರು ತಿಂಗಳು ಪರೀಕ್ಷೆಗೇ ಇರಿ. ಮುಂದಿನ ಪಟ್ಟಿ ಹೊತ್ತಿಗೆ ನೋಡೋಣ. ಬೇಜಾರಾ?"

ಬೇಜಾರಿಲ್ಲ ಅಂದರೆ ಸುಳ್ಳಾಗುತ್ತಿತ್ತು. ಇವತ್ತು ಸಂಜೆ ಗಂಡನಿಗೆ ಏನು ಹೇಳುವುದು, ಅವನು ಆಟೋದ ಗಾಜು ಒರೆಸುತ್ತ ನಿಲ್ಲುವುದು, ಎಲ್ಲ ಕಣ್ಣ ಮುಂದೆ ಬಂತು. ಮೂರು ತಿಂಗಳು ಅಂದರೆ ಒಂದು ಸೇವಂತಿಗೆ ಬೆಳೆಯಷ್ಟು ಕಾಲ, ಕಾಯಬಹುದು ಅನ್ನಿಸಿತು.

"ಆ ಇಪ್ಪತ್ತಾರನ್ನ ಏನು ಮಾಡ್ತೀರಿ ಸರ್?" ಅಂತ ಕೇಳಿದಳು.

"ಉದ್ದ ಇದ್ರೆ ಕತ್ತರಿಸಿ ಸರಿ ಮಾಡಬಹುದು. ಗಿಡ್ಡ ಆಗಿದ್ರೆ ಎಸೀಬೇಕಿತ್ತು. ತುದಿಯ ಐದಾರು ಗಂಟು ಬಿಚ್ಚಿ, ಏಳು ಸೆಂಟಿಮೀಟರ್ ತೆಗೆದು, ಕನೆಕ್ಟರ್ ಹಾಕಿ ಮತ್ತೆ ಕಟ್ಟಬೇಕು. ಯಾರಿಗಾದ್ರೂ ಹೇಳ್ತಾಳೆ ಶೀಲಾ."

"ಯಾರಿಗೂ ಬೇಡ. ನಾನೇ ಬಿಚ್ತೀನಿ," ಅಂದಳು ದಾಕ್ಷಾಯಣಮ್ಮ.

ನಾಲ್ಕನೇ ಮೇಜಿಗೆ ಬಂದು ಕೂತು ಮೊದಲ ಕಟ್ಟನ್ನು ಎದುರಿಗೆ ಎಳೆದುಕೊಂಡಳು. ತಾನೇ ಹಾಕಿದ ಗಂಟು, ಯಾವ ಎಳೆ ಎತ್ತಿದರೆ ಸಡಿಲವಾಗುತ್ತದೆ ಅಂತ ಉಗುರಿಗೆ ಗೊತ್ತಿತ್ತು. ಒಂದು ಬಿಚ್ಚುವಷ್ಟರಲ್ಲಿ ಹತ್ತೂವರೆಯ ಸೈರನ್ ಆಯಿತು. ಶೆಡ್ಡಿನವರೆಲ್ಲ ಕೈ ಒರೆಸಿಕೊಳ್ಳುತ್ತ ಚಹಾಕ್ಕೆ ಎದ್ದರು. ಅನೀಸಾಳೂ ಎದ್ದು ಅವರ ಜೊತೆ ಹೋದಳು. ಹೊಸ ಪಟ್ಟಿಯ ಮುಂದೆ ಗುಂಪು ಕಟ್ಟಿದವರ ಗಲಾಟೆ ಬಾಗಿಲಿನಾಚೆ ಕೇಳಿಸುತ್ತಿತ್ತು. ಸ್ವಲ್ಪ ಹೊತ್ತಿಗೆ ಅವಳು ಎರಡು ಕಾಗದದ ಲೋಟ ಹಿಡಿದು ವಾಪಸ್ ಬಂದಳು. ಒಂದನ್ನು ದಾಕ್ಷಾಯಣಮ್ಮನ ಮುಂದಿಟ್ಟಳು, ಇನ್ನೊಂದನ್ನು ತನ್ನ ಕಡೆ ಇಟ್ಟುಕೊಂಡಳು, ರಾಶಿಯಿಂದ ಇನ್ನೊಂದು ಕಟ್ಟನ್ನು ಎಳೆದುಕೊಂಡು, ಎದುರು ಕೂತು, ಕೊನೆಯ ಗಂಟಿಗೆ ಉಗುರು ಹಾಕಿದಳು.